ಮಯಸ್ತೇನಿಯಾ ಗ್ರೇವಿಸ್ ಇರುವ ಗರ್ಭಿಣಿಗೆ ಯಾವ ಅರಿವಳಿಕೆ ಸುರಕ್ಷಿತ?

ಪ್ರಶ್ನೆ: ಸಾಗರದ ಕಡೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸಂಜೆಯಾಗುತ್ತಿದ್ದಂತೆ ರೆಪ್ಪೆಗಳು ಇಳಿಬೀಳುವುದು, ಕರಿಹಲಗೆಯ ಮೇಲೆ ನಾನೇ ಬರೆದ ಅಕ್ಷರಗಳು ಎರಡೆರಡಾಗಿ ಕಾಣುವುದು, ಊಟದ ಕೊನೆಯ ತುತ್ತುಗಳನ್ನು ಅಗಿಯುವಷ್ಟರಲ್ಲಿ ದವಡೆ ಸೋತುಹೋಗುವುದು ಶುರುವಾಯಿತು. ಪರೀಕ್ಷೆಗಳಾದ ಮೇಲೆ ಮಯಸ್ತೇನಿಯಾ ಗ್ರೇವಿಸ್ ಎಂದು ಗೊತ್ತಾಯಿತು. ರಕ್ತದಲ್ಲಿ ಅಸಿಟೈಲ್‌ಕೋಲಿನ್ ಗ್ರಾಹಕಗಳ ವಿರುದ್ಧದ ಪ್ರತಿಕಾಯಗಳಿವೆ. ಥೈಮಸ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದಾರೆ. ಸದ್ಯ ಪಿರಿಡೋಸ್ಟಿಗ್ಮಿನ್ 60 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ, ಪ್ರೆಡ್ನಿಸೊಲೋನ್ 10 ಮಿಲಿಗ್ರಾಂ ಮಾತ್ರೆಯನ್ನು ಬೆಳಿಗ್ಗೆ ಒಂದು ಬಾರಿ ತೆಗೆದುಕೊಳ್ಳುತ್ತಿದ್ದೇನೆ. ನುಂಗುವುದಕ್ಕಾಗಲಿ ಉಸಿರಾಟಕ್ಕಾಗಲಿ ಈಗ ತೊಂದರೆಯಿಲ್ಲ.

ಇದು ನನ್ನ ಮೊದಲ ಬಸಿರು, 30 ವಾರ ತುಂಬಿದೆ. ಮಯಸ್ತೇನಿಯಾ ಇರುವವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಉಸಿರಾಟದ ಸ್ನಾಯುಗಳು ಸೋಲಬಹುದು, ಆದ್ದರಿಂದ ಪೂರ್ತಿ ಪ್ರಜ್ಞೆ ತಪ್ಪಿಸಿ ಸಿಸೇರಿಯನ್ ಮಾಡಬೇಕಾಗಬಹುದು ಎಂದು ಹೆರಿಗೆ ವೈದ್ಯರು ಹೇಳಿದ್ದಾರೆ. ನರರೋಗ ತಜ್ಞರು ಹೇಳುವುದು ಇದಕ್ಕೆ ನೇರ ವಿರುದ್ಧವಾಗಿದೆ: ಪ್ರಜ್ಞೆ ತಪ್ಪಿಸುವುದನ್ನೇ ಆದಷ್ಟೂ ತಪ್ಪಿಸಬೇಕು, ಸಹಜ ಹೆರಿಗೆಗೆ ಪ್ರಯತ್ನಿಸಬಹುದು ಎನ್ನುತ್ತಾರೆ. ಇಬ್ಬರ ಮೇಲೂ ನನಗೆ ನಂಬಿಕೆಯಿದೆ, ಆದರೆ ಇಬ್ಬರ ಮಾತು ಒಂದಕ್ಕೊಂದು ಕೂಡುತ್ತಿಲ್ಲ. ಇವುಗಳಲ್ಲಿ ಯಾವುದು ಸರಿ, ಅರಿವಳಿಕೆ ತಜ್ಞರನ್ನು ಹೆರಿಗೆಗೆ ಮೊದಲೇ ಕಾಣುವುದು ಅಗತ್ಯವೇ, ಮಗುವಿಗೆ ಈ ಕಾಯಿಲೆ ಬರುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಅರಿವಳಿಕೆ ವೈದ್ಯ, ಹುಬ್ಬಳ್ಳಿ

ನಮಸ್ಕಾರ. ನಿಮ್ಮನ್ನು ಕಣ್ಣಾರೆ ಕಂಡು ಪರೀಕ್ಷಿಸದೆ ಬರೆಯುತ್ತಿರುವ ಮಾತುಗಳಿವು, ಕೊನೆಯ ತೀರ್ಮಾನ ನಿಮ್ಮ ವೈದ್ಯರದೇ. ಇಬ್ಬರು ವೈದ್ಯರ ಮಾತಿಗೂ ಆಧಾರವಿದೆ. ಆದರೆ ನೀವು ವಿವರಿಸಿರುವಂತೆ ಕಾಯಿಲೆ ಹತೋಟಿಯಲ್ಲಿದ್ದು, ನುಂಗಲು ಮತ್ತು ಉಸಿರಾಡಲು ತೊಂದರೆಯಿಲ್ಲದಿದ್ದರೆ, ನರರೋಗ ತಜ್ಞರು ಹೇಳಿದ ದಾರಿಯನ್ನೇ ನಾವೂ ಮೊದಲು ಆರಿಸಿಕೊಳ್ಳುತ್ತೇವೆ. ಈ ಕಾಯಿಲೆಯ ಬಗ್ಗೆ 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಮಾರ್ಗಸೂಚಿ ಕೂಡ ಸಹಜ ಹೆರಿಗೆಯನ್ನೇ ಗುರಿಯಾಗಿಟ್ಟುಕೊಳ್ಳಬೇಕೆಂದು ಹೇಳುತ್ತದೆ. ಸಿಸೇರಿಯನ್ ಮಾಡುವುದಾದರೆ ಅದಕ್ಕೆ ಹೆರಿಗೆಗೆ ಸಂಬಂಧಿಸಿದ ಕಾರಣವೇ ಇರಬೇಕು, ಮಯಸ್ತೇನಿಯಾ ಇದೆ ಎಂಬುದಷ್ಟೇ ಸಾಲದು.

ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಸ್ನಾಯುವಿನ ಮೇಲಿರುವ ಗ್ರಾಹಕಗಳನ್ನು ತಲುಪಿದರೆ ಮಾತ್ರ ಸ್ನಾಯು ಬಿಗಿಯುತ್ತದೆ. ನಿಮ್ಮ ದೇಹದ ಪ್ರತಿಕಾಯಗಳು ಆ ಗ್ರಾಹಕಗಳನ್ನೇ ಹಾಳುಮಾಡಿ ಅವುಗಳ ಸಂಖ್ಯೆಯನ್ನು ಕಡಿಮೆ ಮಾಡಿರುವುದರಿಂದ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಸ್ನಾಯು ಬೇಗ ಸೋಲುತ್ತದೆ. ಇದು ನಮ್ಮ ಇಚ್ಛೆಯಂತೆ ಅಲುಗಾಡುವ ಸ್ನಾಯುಗಳ ಕಾಯಿಲೆ. ಗರ್ಭಕೋಶದ ಸ್ನಾಯು ಆ ಜಾತಿಯದಲ್ಲ, ಹೀಗಾಗಿ ಹೆರಿಗೆಯ ಮೊದಲ ಹಂತದಲ್ಲಿ ಗರ್ಭಕೋಶ ಎಲ್ಲರಲ್ಲಿಯಂತೆಯೇ ತನ್ನ ಕೆಲಸ ಮಾಡುತ್ತದೆ. ನೀವು ಮುಕ್ಕಿ ಮಗುವನ್ನು ಹೊರಗೆ ತಳ್ಳಬೇಕಾದ ಎರಡನೆಯ ಹಂತದಲ್ಲಿ ಹೊಟ್ಟೆಯ ಸ್ನಾಯುಗಳು ಸೋಲಬಹುದು, ಆಗ ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ನೆರವು ಬೇಕಾದೀತು.

ಹೆರಿಗೆ ನೋವು, ಅದರಿಂದಾಗುವ ವೇಗದ ಉಸಿರಾಟ, ನಿದ್ದೆಗೇಡು ಇವೆಲ್ಲವೂ ಸ್ನಾಯುಗಳನ್ನು ದಣಿಸುತ್ತವೆ. ಆದ್ದರಿಂದ ನೋವು ಶುರುವಾದ ಸ್ವಲ್ಪ ಹೊತ್ತಿಗೇ ಎಪಿಡ್ಯೂರಲ್ ನಳಿಕೆ (ಬೆನ್ನುಹುರಿಯ ಹೊದಿಕೆಯ ಹೊರಗೆ ಮದ್ದು ಬಿಡುವ ನಳಿಕೆ) ಹಾಕುವುದನ್ನು ನಾನು ಇಷ್ಟಪಡುತ್ತೇನೆ. ಬೆನ್ನಿನಲ್ಲಿ ಆ ತೆಳ್ಳನೆಯ ನಳಿಕೆ ಇದ್ದರೆ, ಮದ್ದನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಅದರ ಪರಿಣಾಮ ಎದೆಯವರೆಗೆ ಎಷ್ಟು ಏರಿದೆ ಎಂದು ನೋಡಿಕೊಳ್ಳಬಹುದು, ಮಧ್ಯದಲ್ಲಿ ಸಿಸೇರಿಯನ್ ಬೇಕಾದರೆ ಅದೇ ನಳಿಕೆಯ ಮೂಲಕ ಮದ್ದನ್ನು ಹೆಚ್ಚಿಸಬಹುದು. ಬುಪಿವಕೇನ್, ರೋಪಿವಕೇನ್‌ನಂತಹ ಅಮೈಡ್ ವರ್ಗದ ಮದ್ದುಗಳನ್ನೇ ಬಳಸುತ್ತೇವೆ. ಕ್ಲೋರೊಪ್ರೊಕೇನ್‌ನಂತಹ ಎಸ್ಟರ್ ವರ್ಗದ ಮದ್ದುಗಳನ್ನು ದೇಹವು ಕೋಲಿನೆಸ್ಟರೇಸ್ ಎಂಬ ಕಿಣ್ವದಿಂದ ಒಡೆಯುತ್ತದೆ, ನಿಮ್ಮ ಪಿರಿಡೋಸ್ಟಿಗ್ಮಿನ್ ಮಾತ್ರೆ ಆ ಕಿಣ್ವವನ್ನೇ ತಡೆಯುವುದರಿಂದ ಅವು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತವೆ.

ಪೂರ್ತಿ ಪ್ರಜ್ಞೆ ತಪ್ಪಿಸಲು ನಾವು ಹಿಂಜರಿಯುವುದಕ್ಕೆ ಮುಖ್ಯ ಕಾರಣ ನಿದ್ದೆ ಬರಿಸುವ ಮದ್ದಲ್ಲ, ಗಂಟಲಿಗೆ ಕೊಳವೆ ಹಾಕುವಾಗ ಕೊಡುವ ಸ್ನಾಯು ಸಡಿಲಿಸುವ ಮದ್ದು. ದಕ್ಷಿಣ ಅಮೆರಿಕದ ಬಾಣದ ವಿಷವಾದ ಕ್ಯುರಾರೆಯಿಂದ ಹುಟ್ಟಿದ ಮದ್ದುಗಳ ವಂಶ ಇದು, 1942ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲು ಶಸ್ತ್ರಚಿಕಿತ್ಸೆಗೆ ಬಂತು. ಅದಕ್ಕೂ ಮೊದಲೇ, 1934ರಲ್ಲಿ, ಲಂಡನ್ನಿನ ಗ್ರೀನಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯಲ್ಲಿದ್ದ ಮೇರಿ ವಾಕರ್ ಎಂಬ ವೈದ್ಯೆ, ಮಯಸ್ತೇನಿಯಾದ ಲಕ್ಷಣಗಳು ಕ್ಯುರಾರೆ ವಿಷದ ಲಕ್ಷಣಗಳನ್ನೇ ಹೋಲುತ್ತವೆ ಎಂಬುದನ್ನು ಆಧರಿಸಿ, ಆ ವಿಷಕ್ಕೆ ಕೊಡುತ್ತಿದ್ದ ಫೈಸೊಸ್ಟಿಗ್ಮಿನ್ ಅನ್ನು ರೋಗಿಗೆ ಕೊಟ್ಟು ಗುಣ ಕಂಡಿದ್ದರು. ನೀವು ನುಂಗುತ್ತಿರುವ ಮಾತ್ರೆ ಅದೇ ಮದ್ದಿನ ಬಳಗದ್ದು. ನಿಮ್ಮ ಸ್ನಾಯುಗಳ ಸ್ಥಿತಿ ಆಗಲೇ ಆ ವಿಷದ ಸಣ್ಣ ಪ್ರಮಾಣ ದೇಹದಲ್ಲಿರುವವರ ಹಾಗಿರುವುದರಿಂದ, ಈ ವಂಶದ ರೊಕ್ಯುರೋನಿಯಂ ಅನ್ನು ಬೇರೆಯವರಿಗೆ ಕೊಡುವಷ್ಟೇ ಕೊಟ್ಟರೆ ಅದರ ಪರಿಣಾಮ ತೀರ ಹೆಚ್ಚು ಹೊತ್ತು ಉಳಿಯುತ್ತದೆ. ತುರ್ತಿನಲ್ಲಿ ಬಳಸುವ ಸಕ್ಸಿನೈಲ್‌ಕೋಲಿನ್ ವಿಷಯದಲ್ಲಿ ಇದು ತಿರುವುಮುರುವು: ಗ್ರಾಹಕಗಳು ಕಡಿಮೆಯಿರುವುದರಿಂದ ಮೊದಲು ಅದು ಸರಿಯಾಗಿ ಹಿಡಿಯುವುದಿಲ್ಲ, ಪಿರಿಡೋಸ್ಟಿಗ್ಮಿನ್ ಮತ್ತು ಬಸಿರು ಎರಡೂ ಅದನ್ನು ಒಡೆಯುವ ಕಿಣ್ವವನ್ನು ತಗ್ಗಿಸಿರುವುದರಿಂದ ಹಿಡಿದ ಮೇಲೆ ಬಿಡುವುದು ತಡವಾಗುತ್ತದೆ.

ಹಾಗೆಂದು ಜನರಲ್ ಅನಸ್ತೇಸಿಯಾ ಎಂದರೆ ವೆಂಟಿಲೇಟರೇ ಗತಿ ಎಂದುಕೊಳ್ಳಬೇಡಿ. ಮುಂಗೈ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೆಬ್ಬೆರಳಿನ ಅಲುಗಾಟವನ್ನು ಅಳೆಯುವ ಯಂತ್ರವಿದೆ. ಸಡಿಲಿಸುವ ಮದ್ದು ಕೊಡುವ ಮೊದಲೇ ಅದನ್ನು ಜೋಡಿಸಿ, ರೊಕ್ಯುರೋನಿಯಂ ಪ್ರಮಾಣವನ್ನು ಕಡಿಮೆ ಮಾಡಿ, ಕೊನೆಯಲ್ಲಿ ಸುಗಮಡೆಕ್ಸ್ ಕೊಟ್ಟರೆ ಮದ್ದಿನ ಪರಿಣಾಮವನ್ನು ಹಿಂದಕ್ಕೆ ಪಡೆಯಬಹುದು. ಈ ಮದ್ದು ಈಗ ನಮ್ಮಲ್ಲೂ ಸಿಗುತ್ತದೆ, ಆದರೆ ಎಲ್ಲ ಆಸ್ಪತ್ರೆಗಳ ಕಪಾಟಿನಲ್ಲೂ ಇರುವುದಿಲ್ಲ. ಹೆರಿಗೆಗೆ ಆಸ್ಪತ್ರೆಯನ್ನು ಆರಿಸುವಾಗ ನೀವು ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು. ಸುಗಮಡೆಕ್ಸ್ ಇದೆಯೇ, ಹೆಬ್ಬೆರಳಿನ ಮಾನಿಟರ್ ಇದೆಯೇ, ಐಸಿಯುನಲ್ಲಿ ಹಾಸಿಗೆ ಸಿಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಅರಿವಳಿಕೆ ತಜ್ಞರನ್ನು ಮೊದಲೇ ಕಾಣುವುದು ಅಗತ್ಯವೇ ಎಂದಿರಿ. ಅಗತ್ಯ, ಅದೂ 32 ವಾರಗಳ ಒಳಗೆ. ಅವರು ನಿಮ್ಮ ಉಸಿರಾಟದ ಶಕ್ತಿಯನ್ನು ಸ್ಪೈರೊಮೀಟರಿನಲ್ಲಿ ಅಳೆದು ಬರೆದಿಡಬೇಕು, ಅಂಗಾತ ಮಲಗಿದಾಗ ಉಸಿರು ಕಟ್ಟುತ್ತದೆಯೇ ಎಂದು ಕೇಳಬೇಕು, ಹತ್ತು ಮಿಲಿಗ್ರಾಂ ಪ್ರೆಡ್ನಿಸೊಲೋನ್ ಬಹುಕಾಲದಿಂದ ನಡೆಯುತ್ತಿರುವುದರಿಂದ ಹೆರಿಗೆಯ ಹೊತ್ತಿಗೆ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕೆಂದು ಕೇಸ್ ಪೇಪರಿನಲ್ಲಿ ಬರೆಯಬೇಕು. ಮನೆಯಲ್ಲಿ ನೀವೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆಯಿದೆ. ದೀರ್ಘವಾಗಿ ಉಸಿರೆಳೆದು, ಮತ್ತೆ ಉಸಿರು ತೆಗೆದುಕೊಳ್ಳದೆ, ಮಾತಾಡುವ ವೇಗದಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತಾ ಹೋಗಿ. ಆರೋಗ್ಯವಂತರು ಸಾಮಾನ್ಯವಾಗಿ 50ರ ಆಸುಪಾಸು ಮುಟ್ಟುತ್ತಾರೆ. ಬಸಿರಿನಲ್ಲಿ ಹೊಟ್ಟೆ ಮೇಲೊತ್ತುವುದರಿಂದ ಸ್ವಲ್ಪ ಕಡಿಮೆಯಾಗುವುದು ಸಹಜವಾದ್ದರಿಂದ ಬೇರೆಯವರ ಅಂಕಿಗಿಂತ ನಿಮ್ಮದೇ ಹಿಂದಿನ ವಾರದ ಅಂಕಿ ಮುಖ್ಯ. ಅದು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ಅಥವಾ 20ಕ್ಕಿಂತ ಕೆಳಗೆ ಬಂದರೆ, ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಉತ್ತರ: ಇನ್ನೊಬ್ಬ ಅರಿವಳಿಕೆ ವೈದ್ಯೆ, ಮಂಗಳೂರು

ಮೇಲಿನ ವೈದ್ಯರು ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ. ಸ್ಪೈನಲ್ (ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಒಂದೇ ಬಾರಿಗೆ ಚುಚ್ಚುವ ಮದ್ದು) ಬಗ್ಗೆ ಮಾತ್ರ ಒಂದು ಮಾತು ಸೇರಿಸಬೇಕು. ಎಪಿಡ್ಯೂರಲ್ ಹಾಕಿರದ ಗರ್ಭಿಣಿಗೆ ಏಕಾಏಕಿ ಸಿಸೇರಿಯನ್ ಬೇಕಾದಾಗ, ಸ್ನಾಯುಬಲ ಚೆನ್ನಾಗಿದ್ದರೆ, ನಾನು ಸ್ಪೈನಲ್ ಕೊಡಲು ಹೆದರುವುದಿಲ್ಲ. ಬುಪಿವಕೇನ್ ಪ್ರಮಾಣವನ್ನು ಸ್ವಲ್ಪ ಕಡಿಮೆ ಮಾಡಿ, ಜೊತೆಗೆ ಫೆಂಟನಿಲ್ ಎಂಬ ನೋವುನಿವಾರಕವನ್ನು ತುಸು ಸೇರಿಸಿ, ಸಾಲದಿದ್ದರೆ ಏರಿಸಲು ಎಪಿಡ್ಯೂರಲ್ ನಳಿಕೆಯನ್ನೂ ಒಟ್ಟಿಗೇ ಹಾಕಿಕೊಂಡರೆ ಕೆಲಸ ಸಾಗುತ್ತದೆ. ಮದ್ದು ಏರುತ್ತಿರುವಾಗ ಅಮ್ಮನ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ಹಿಸುಕಲು ಹೇಳುತ್ತೇನೆ, ಮಾತಾಡಿಸುತ್ತಲೇ ಇರುತ್ತೇನೆ. ಹಿಡಿತ ಸಡಿಲವಾದರೆ ಅಥವಾ ದನಿ ಮೂಗಿನಿಂದ ಬರತೊಡಗಿದರೆ ಮಾನಿಟರಿನ ಅಂಕಿ ಬದಲಾಗುವುದಕ್ಕಿಂತ ಮೊದಲೇ ಗೊತ್ತಾಗುತ್ತದೆ.

ನಿಮ್ಮ ಹೆರಿಗೆ ವೈದ್ಯರ ಆತಂಕ ನಿಜವಾಗುವ ಸಂದರ್ಭವೂ ಇದೆ. ನುಂಗಲು ಕಷ್ಟವಾಗಿ, ಕೆಮ್ಮಿ ಕಫ ಹೊರಹಾಕುವ ಶಕ್ತಿಯೂ ಇಲ್ಲದೆ, ಉಸಿರಾಟದ ಸ್ನಾಯುಗಳು ಆಗಲೇ ಸೋತಿರುವ ಗರ್ಭಿಣಿಗೆ ಸಿಸೇರಿಯನ್‌ಗೆ ಬೇಕಾಗುವಷ್ಟು ಎತ್ತರದವರೆಗೆ ಸ್ಪೈನಲ್ ಕೊಟ್ಟರೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳ ನೆರವೂ ತಪ್ಪಿಹೋಗುತ್ತದೆ. ಅಂಥವರನ್ನು ಅಂಗಾತ ಮಲಗಿಸಿ ಎಚ್ಚರವಾಗಿಟ್ಟು ಒದ್ದಾಡಿಸುವುದಕ್ಕಿಂತ, ಎಲ್ಲ ಸಿದ್ಧತೆಯೊಂದಿಗೆ ಗಂಟಲಿಗೆ ಕೊಳವೆ ಹಾಕಿ ಉಸಿರಾಟವನ್ನು ನಾವೇ ವಹಿಸಿಕೊಳ್ಳುವುದು ಸುರಕ್ಷಿತ. ಆದ್ದರಿಂದ ಯಾವ ಅರಿವಳಿಕೆ ಎಂಬುದು ಕಾಯಿಲೆಯ ಹೆಸರಿನ ಮೇಲೆ ತೀರ್ಮಾನವಾಗುವುದಿಲ್ಲ, ಆ ದಿನ ನಿಮ್ಮ ಗಂಟಲು ಮತ್ತು ಉಸಿರಾಟ ಹೇಗಿವೆ ಎಂಬುದರ ಮೇಲೆ ಆಗುತ್ತದೆ. ಇಬ್ಬರು ವೈದ್ಯರ ಮಾತು ಕೂಡದೆ ಹೋಗಿರುವುದು ಬಹುಶಃ ಅವರು ಬೇರೆ ಬೇರೆ ಸ್ಥಿತಿಯ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರಿಂದ. ಕೊನೆಯ ತಿಂಗಳಲ್ಲಿ ಕಾಯಿಲೆ ಬಿಗಡಾಯಿಸಿದರೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವುದು) ಅಥವಾ ಪ್ಲಾಸ್ಮಾ ಎಕ್ಸ್‌ಚೇಂಜ್ (ಪ್ರತಿಕಾಯಗಳಿರುವ ರಕ್ತದ್ರವವನ್ನು ತೆಗೆದು ಬದಲಿಸುವುದು) ಮಾಡಿ ಸ್ನಾಯುಬಲವನ್ನು ಸುಧಾರಿಸಿಕೊಂಡು ಹೆರಿಗೆಗೆ ಹೋಗುವ ದಾರಿಯೂ ಇದೆ. ಬಸಿರಿನಲ್ಲಿ ಎರಡನ್ನೂ ಮಾಡಬಹುದು.

ಉತ್ತರ: ಮೈಸೂರಿನ ಒಬ್ಬ ತಾಯಿ

ತಂಗಿ, ನನಗೂ ಇದೇ ಕಾಯಿಲೆಯಿದೆ. ಎಪಿಡ್ಯೂರಲ್ ಹಾಕಿಸಿಕೊಂಡು ಸಹಜವಾಗಿಯೇ ಹೆತ್ತೆ, ಕೊನೆಯಲ್ಲಿ ಮುಕ್ಕುವ ಶಕ್ತಿ ಉಡುಗಿದ್ದರಿಂದ ವ್ಯಾಕ್ಯೂಮ್ ಹಾಕಿದರು. ವೈದ್ಯರು ಹೇಳಿದ್ದಕ್ಕೆ ನಾನು ಸೇರಿಸುವುದು ಎರಡು ಸಂಗತಿ.

ಹೆರಿಗೆ ಕೋಣೆಗೆ ಹೋದ ಮೇಲೆ ಬಾಯಿಗೆ ಏನೂ ಹಾಕಬಾರದು ಎಂಬ ಸಾಮಾನ್ಯ ನಿಯಮವಿರುತ್ತದೆ. ಆದರೆ ನಮ್ಮ ಮಾತ್ರೆಯ ಹೊತ್ತು ತಪ್ಪಬಾರದು. ನನ್ನ ಅರಿವಳಿಕೆ ವೈದ್ಯರು ಮಾತ್ರೆಯನ್ನು ಗುಟುಕು ನೀರಿನ ಜೊತೆ ಯಾವ ಯಾವ ಹೊತ್ತಿಗೆ ಕೊಡಬೇಕೆಂದು ಕೇಸ್ ಪೇಪರಿನ ಮೊದಲ ಪುಟದಲ್ಲೇ ಬರೆದಿದ್ದರು, ಅದನ್ನು ತೋರಿಸಿದ ಮೇಲೆ ರಾತ್ರಿ ಪಾಳಿಯ ನರ್ಸ್ ಒಂದು ಮಾತೂ ಆಡದೆ ಕೊಟ್ಟರು. ಮಾತ್ರೆಯ ಪಟ್ಟಿಯನ್ನು ನಿಮ್ಮ ಜೊತೆ ಬರುವವರ ಕೈಯಲ್ಲಿಡಿ, ಆಸ್ಪತ್ರೆಯ ಔಷಧಾಲಯದಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ.

ಇನ್ನೊಂದು ಬಾಣಂತನದ ವಿಷಯ. ಹೆರಿಗೆಯ ಹೊತ್ತಿಗಿಂತ ಅದಾದ ನಂತರದ ವಾರಗಳಲ್ಲೇ ನನ್ನ ಕಾಯಿಲೆ ಹೆಚ್ಚಾಗಿದ್ದು. ರಾತ್ರಿ ನಿದ್ದೆಯಿರುವುದಿಲ್ಲ, ಹಾಲೂಡಿಸುವಾಗ ಕುತ್ತಿಗೆ ಬಾಗಿಹೋಗುತ್ತದೆ, ಅದರ ಮೇಲೆ ನಮ್ಮ ಕಡೆಯ ಪದ್ಧತಿಯಂತೆ ಕಿಟಕಿ ಮುಚ್ಚಿದ ಬಿಸಿ ಕೋಣೆ, ಕೆಂಡದ ಹೊಗೆ, ಸುಡುವ ನೀರನ್ನು ಎರೆಯುವುದು. ಶಾಖ ಹೆಚ್ಚಾದರೆ ಮಯಸ್ತೇನಿಯಾದ ದೌರ್ಬಲ್ಯವೂ ಹೆಚ್ಚುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಅತ್ತೆಗೆ ನಾನು ಹೇಳಿದರೆ ಸಾಲದಾಗಿತ್ತು. ಕೊನೆಗೆ ನರರೋಗ ವೈದ್ಯರೇ ಅವರನ್ನು ಕೂರಿಸಿಕೊಂಡು ವಿವರಿಸಿದ ಮೇಲೆ ಉಗುರುಬೆಚ್ಚಗಿನ ನೀರಿಗೆ ಒಪ್ಪಿದರು. ನಿಮ್ಮ ತವರಿನವರನ್ನೂ ಅತ್ತೆಮನೆಯವರನ್ನೂ ಮುಂದಿನ ಭೇಟಿಗೆ ಜೊತೆಗೆ ಕರೆದುಕೊಂಡು ಹೋಗಿ, ಆ ಮಾತು ವೈದ್ಯರ ಬಾಯಿಂದಲೇ ಬರಲಿ.

ಉತ್ತರ: ಮಕ್ಕಳ ವೈದ್ಯೆ, ದಾವಣಗೆರೆ

ಮಗುವಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮಯಸ್ತೇನಿಯಾ ಇರುವ ತಾಯಂದಿರ ಮಕ್ಕಳಲ್ಲಿ ಸುಮಾರು ಶೇ. 10ರಿಂದ 20ರಷ್ಟು ಮಕ್ಕಳಿಗೆ ಹುಟ್ಟಿದ ಮೇಲೆ ತಾತ್ಕಾಲಿಕ ದೌರ್ಬಲ್ಯ ಕಾಣಿಸಿಕೊಳ್ಳುತ್ತದೆ. ಅದು ಮಗುವಿನದೇ ಕಾಯಿಲೆಯಲ್ಲ. ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿನ ರಕ್ತಕ್ಕೆ ಸೇರಿರುತ್ತವೆ, ಅವು ಕರಗಿಹೋಗುತ್ತಿದ್ದಂತೆ ಕೆಲವು ವಾರಗಳಲ್ಲಿ ಮಗು ಸರಿಹೋಗುತ್ತದೆ. ತಾಯಿಗೆ ಕಾಯಿಲೆ ಹತೋಟಿಯಲ್ಲಿದ್ದರೂ ಮಗುವಿಗೆ ಹೀಗಾಗಬಹುದು, ಆದ್ದರಿಂದ ನಿಮ್ಮ ಆರೋಗ್ಯವನ್ನು ನೋಡಿ ಮಗುವಿನ ವಿಷಯದಲ್ಲಿ ನಿಶ್ಚಿಂತರಾಗುವಂತಿಲ್ಲ.

ಸಾಮಾನ್ಯವಾಗಿ ಮೊದಲ ದಿನದಲ್ಲೇ, ಕೆಲವೊಮ್ಮೆ ಮೂರು ನಾಲ್ಕು ದಿನ ಕಳೆದ ಮೇಲೆ, ಅಳು ಕ್ಷೀಣವಾಗುವುದು, ಮೊಲೆ ಕಚ್ಚಿದರೂ ಚೀಪಲಾಗದೆ ಬಿಡುವುದು, ಕುಡಿದ ಹಾಲು ಮೂಗಿನಿಂದ ಬರುವುದು, ಮೈ ಜೋತುಬೀಳುವುದು ಇಂಥ ಲಕ್ಷಣಗಳು ಕಾಣುತ್ತವೆ. ಹುಟ್ಟಿದ ಕೂಡಲೆ ಮಗು ಚೆನ್ನಾಗಿ ಅತ್ತಿತೆಂದು ಮರುದಿನವೇ ಮನೆಗೆ ಕಳಿಸಬಾರದು ಎನ್ನುವುದು ಇದಕ್ಕೇ. ಹಾಲೂಡಿಸುವ ಮೊದಲು ಸ್ವಲ್ಪ ನಿಯೋಸ್ಟಿಗ್ಮಿನ್ ಅಥವಾ ಪಿರಿಡೋಸ್ಟಿಗ್ಮಿನ್ ಕೊಟ್ಟು, ಬೇಕಾದರೆ ಕೊಳವೆಯ ಮೂಲಕ ಹಾಲು ಹಾಕಿ ಆ ದಿನಗಳನ್ನು ದಾಟಿಸುತ್ತೇವೆ. ಇನ್ನೊಂದು ಎಚ್ಚರಿಕೆಯನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ವೈದ್ಯರಿಗೆ ಹೇಳಿಡಿ: ನವಜಾತ ಶಿಶುವಿಗೆ ಸೋಂಕಿನ ಅನುಮಾನ ಬಂದಾಗ ಜೆಂಟಾಮೈಸಿನ್ ಕೊಡುವುದು ನಮ್ಮಲ್ಲಿ ವಾಡಿಕೆ, ಈ ಮಗುವಿನಲ್ಲಿ ಅದು ದೌರ್ಬಲ್ಯವನ್ನು ಹೆಚ್ಚಿಸಬಹುದಾದ್ದರಿಂದ ಬೇರೆ ಆಂಟಿಬಯಾಟಿಕ್ ಆರಿಸಬೇಕಾಗುತ್ತದೆ. ಈಗ ಹೊಟ್ಟೆಯಲ್ಲಿ ಮಗುವಿನ ಚಲನೆ ಕಡಿಮೆಯೆನಿಸಿದರೆ ಸ್ಕ್ಯಾನ್ ಮಾಡಿಸಲು ತಡಮಾಡಬೇಡಿ. ನೀವು ಹೇಳಿದ ಎರಡೂ ಮಾತ್ರೆಗಳನ್ನು ಆ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾ ಎದೆಹಾಲು ಕೊಡಬಹುದು.

ಪ್ರಶ್ನೆ ಕೇಳಿದವರ ಮರುಮಾತು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇವತ್ತು ಬೆಳಿಗ್ಗೆ ಎಣಿಸಿ ನೋಡಿದೆ, 38ರವರೆಗೆ ಬಂತು, ಬರೆದಿಟ್ಟುಕೊಂಡಿದ್ದೇನೆ. ಇನ್ನೊಂದು ಅನುಮಾನವಿದೆ. ಕಳೆದ ತಪಾಸಣೆಯಲ್ಲಿ ರಕ್ತದೊತ್ತಡ 138/88 ಇತ್ತು, ಹಿಂದೆ ಎಂದೂ ಅಷ್ಟಿರಲಿಲ್ಲ. ಇನ್ನೂ ಏರಿದರೆ ಲಬೆಟಲಾಲ್ ಮಾತ್ರೆ ಶುರುಮಾಡೋಣ ಎಂದಿದ್ದಾರೆ. ನಮ್ಮ ಮನೆ ಪೇಟೆಯಿಂದ ದೂರ, ತುರ್ತಿನಲ್ಲಿ ಮೊದಲು ಸಿಗುವುದು ಪ್ರಾಥಮಿಕ ಆರೋಗ್ಯ ಕೇಂದ್ರವೇ. ಅಲ್ಲಿ ಏನನ್ನು ಹೇಳಿಡಬೇಕು?

ಉತ್ತರ: ಅರಿವಳಿಕೆ ವೈದ್ಯ, ಹುಬ್ಬಳ್ಳಿ

ಇದನ್ನು ಕೇಳಿದ್ದು ಒಳ್ಳೆಯದಾಯಿತು, ನನ್ನ ಮಟ್ಟಿಗೆ ಸ್ಪೈನಲ್ಲೋ ಎಪಿಡ್ಯೂರಲ್ಲೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇದು. ರಕ್ತದೊತ್ತಡ ಏರಿದ ಗರ್ಭಿಣಿಗೆ ಫಿಟ್ಸ್ ಬಾರದಂತೆ ತಡೆಯಲು ಎಲ್ಲೆಡೆ ಕೊಡುವ ಮದ್ದು ಮೆಗ್ನೀಷಿಯಂ ಸಲ್ಫೇಟ್. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರುವುದನ್ನೇ ಅದು ತಗ್ಗಿಸುತ್ತದೆ. ಗ್ರಾಹಕಗಳು ಮೊದಲೇ ಕಡಿಮೆಯಿರುವ ನಿಮ್ಮಂಥವರಿಗೆ ಅದನ್ನು ಕೊಟ್ಟರೆ ಉಸಿರಾಟ ನಿಲ್ಲುವಷ್ಟು ದೌರ್ಬಲ್ಯ ಬರಬಹುದು. ನಾನು ಮೊದಲು ಹೇಳಿದ ಮಾರ್ಗಸೂಚಿಯೂ ಮಯಸ್ತೇನಿಯಾದಲ್ಲಿ ಇದನ್ನು ಬಳಸಬಾರದೆಂದೇ ಹೇಳುತ್ತದೆ.

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಎಎನ್‌ಎಂ ಸಹೋದರಿಯರಿಗೂ ನರ್ಸ್‌ಗಳಿಗೂ ಒಂದು ಒಳ್ಳೆಯ ತರಬೇತಿ ಕೊಟ್ಟಿದ್ದಾರೆ: ಗರ್ಭಿಣಿಗೆ ಫಿಟ್ಸ್ ಬಂದರೆ ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲೇ ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಚುಚ್ಚಬೇಕು. ಎಷ್ಟೋ ತಾಯಂದಿರ ಜೀವ ಉಳಿಸುವ ಇದೇ ಕ್ರಮ ನಿಮ್ಮ ಪಾಲಿಗೆ ಮುಳುವಾಗಬಹುದು, ಆ ಹೊತ್ತಿನಲ್ಲಿ ಹೇಳುವ ಸ್ಥಿತಿಯಲ್ಲಿ ನೀವೂ ಇರುವುದಿಲ್ಲ. ಆದ್ದರಿಂದ ತಾಯಿ ಕಾರ್ಡಿನ ಮೇಲೆ, ಒಳಪುಟದಲ್ಲಲ್ಲ, ಹೊರಗೇ, ಕೆಂಪು ಶಾಯಿಯಲ್ಲಿ, ‘ಮಯಸ್ತೇನಿಯಾ ಗ್ರೇವಿಸ್ ಇದೆ, ಮೆಗ್ನೀಷಿಯಂ ಸಲ್ಫೇಟ್ ಕೊಡಬಾರದು’ ಎಂದು ನಿಮ್ಮ ವೈದ್ಯರಿಂದಲೇ ಬರೆಸಿ ಸಹಿ ಹಾಕಿಸಿ. ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೂ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೂ ಈಗಲೇ ಕಂಡು ಅದನ್ನು ತೋರಿಸಿ. ಫಿಟ್ಸ್ ತಡೆಯಲು ಬದಲಿಯಾಗಿ ಲೆವೆಟಿರಾಸೆಟಮ್ ಬಳಸಬಹುದು, ಅದು ಎಲ್ಲಿ ಸಿಗುತ್ತದೆಂದು ಹೆರಿಗೆ ವೈದ್ಯರು ಮೊದಲೇ ಗೊತ್ತುಮಾಡಿಕೊಂಡಿರಲಿ. ಅವಧಿಗೆ ಮೊದಲೇ ಹೆರಿಗೆಯಾಗುವ ಲಕ್ಷಣವಿದ್ದರೆ ಮಗುವಿನ ಮಿದುಳಿನ ರಕ್ಷಣೆಗೆಂದು ಇದೇ ಮೆಗ್ನೀಷಿಯಂ ಕೊಡುವ ಪದ್ಧತಿಯೂ ಇದೆ, ಅಲ್ಲೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಲಬೆಟಲಾಲ್ ಬೀಟಾ ಬ್ಲಾಕರ್ ಗುಂಪಿಗೆ ಸೇರಿದ್ದು, ಆ ಗುಂಪಿನ ಮದ್ದುಗಳು ಮಯಸ್ತೇನಿಯಾವನ್ನು ಕೆಣಕಬಹುದು. ಮೀಥೈಲ್‌ಡೋಪಾ ಮಾತ್ರೆಯಿಂದ ಶುರುಮಾಡಬಹುದೇ ಎಂದು ವೈದ್ಯರನ್ನು ಕೇಳಿ, ತುರ್ತಿನಲ್ಲಿ ಹೈಡ್ರಲಜಿನ್ ಇದೆ. ದೌರ್ಬಲ್ಯ ಹೆಚ್ಚಿಸಬಹುದಾದ ಆಂಟಿಬಯಾಟಿಕ್‌ಗಳೆಂದು ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್, ಜೆಂಟಾಮೈಸಿನ್ ಹೆಸರುಗಳನ್ನೂ ಅದೇ ಕಾರ್ಡಿಗೆ ಸೇರಿಸಿ. ಸಿಸೇರಿಯನ್ ಹೊತ್ತಿಗೆ ವಾಡಿಕೆಯಾಗಿ ಕೊಡುವ ಸೆಫಜೋಲಿನ್‌ಗೆ ಅಡ್ಡಿಯಿಲ್ಲ, ಗರ್ಭಕೋಶ ಬಿಗಿಯಲು ಕೊಡುವ ಆಕ್ಸಿಟೋಸಿನ್‌ಗೂ ಅಡ್ಡಿಯಿಲ್ಲ. 138/88 ಎಂಬ ಅಂಕಿಯನ್ನು ಮುಂದಿನ ತಿಂಗಳ ತಪಾಸಣೆಯವರೆಗೆ ಬಿಡಬೇಡಿ. ಈ ವಾರವೇ ಮತ್ತೊಮ್ಮೆ ಅಳೆಸಿ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದೂ ಪರೀಕ್ಷೆ ಮಾಡಿಸಿ. ತಲೆನೋವು ಅಥವಾ ಕಣ್ಣು ಮಂಜಾಗುವುದು ಶುರುವಾದರೆ ಅದನ್ನು ಮಯಸ್ತೇನಿಯಾದ್ದೇ ಎಂದುಕೊಂಡು ಮನೆಯಲ್ಲಿ ಕೂರಬೇಡಿ, ಅದೇ ದಿನ ಹೆರಿಗೆ ವೈದ್ಯರನ್ನು ಕಾಣಿ.